ಬಿಳಿ ಆಕಾಶದ ಹಳೇ ತಕರಾರು: ಹಂಪಿಯಿಂದ ನಿಮ್ಮ ಮೊಬೈಲ್‌ವರೆಗೆ

ಕೊಗನೊಳ್ಳಿಯ ತಂಬಾಕು ಹೊಲದಲ್ಲಿ ಮಟಮಟ ಮಧ್ಯಾಹ್ನ ಒಂದು ಫೋಟೊ ತೆಗೆಯಿರಿ. ಎಲೆ ಚೆನ್ನಾಗಿ ಕಂಡರೆ ಆಕಾಶ ಬೆಳ್ಳಗೆ ಬಣ್ಣಗೆಡುತ್ತದೆ. ಆಕಾಶ ಸರಿ ಬಂದರೆ ಹೊಲದಲ್ಲಿ ನಿಂತವರ ಮುಖ ಕಪ್ಪಾಗುತ್ತದೆ. ಇದು ನಿಮ್ಮ ಮೊಬೈಲಿನ ದೋಷವಲ್ಲ. ಫೋಟೊಗ್ರಫಿಯಷ್ಟೇ ಹಳೆಯ ತಕರಾರು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೊ ತೆಗೆದರು. ಆಗ ಫಿಲ್ಮ್ ಇರಲಿಲ್ಲ. ಬೆಳ್ಳಿಯ ಲವಣ ಮತ್ತು ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಆ ಕಾಗದ ನೀಲಿ ಬೆಳಕನ್ನು ಬೇಗ ಹಿಡಿಯುತ್ತಿತ್ತು. ಕಲ್ಲಿನ ಕೆತ್ತನೆ ಮೂಡುವಷ್ಟರಲ್ಲಿ ಆಕಾಶ ಪೂರಾ ಬಿಳಿಯಾಗಿರುತ್ತಿತ್ತು.

1854ರಲ್ಲಿ ಬೇಲೂರು, ಹಳೇಬೀಡಿನ ಫೋಟೊ ತೆಗೆದಿದ್ದ ಲಿನೇಯಸ್ ಟ್ರೈಪ್, ಮುಂದೆ ಬರ್ಮಾದ ಚಿತ್ರಗಳಲ್ಲಿ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಮೂಡಿಸಿದರು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಚಿತ್ರವಾಗಿ ಮುದ್ರಿಸಿದರು. ಈಗ ನಿಮ್ಮ ಮೊಬೈಲಿನ ಎಚ್‌ಡಿಆರ್ ಹಲವು ಫೋಟೊಗಳನ್ನು ಸರಕ್ಕನೆ ತೆಗೆದು ಒಂದುಗೂಡಿಸುವುದೂ ಇದೇ ಉಪಾಯ.

ಫಿಲ್ಮ್ ಕಾಲದ ಡಾರ್ಕ್‌ರೂಮಿನಲ್ಲಿ ಮುದ್ರಿಸುವಾಗ ಮುಖದ ಮೇಲೆ ರಟ್ಟಿನ ತುಂಡು ಅಡ್ಡ ಹಿಡಿದರೆ ಮುಖ ತಿಳಿಯಾಗುತ್ತಿತ್ತು. ಆಕಾಶಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಆಕಾಶ ಗಾಢವಾಗುತ್ತಿತ್ತು. 1990ರಲ್ಲಿ ಬಂದ ಫೋಟೊಶಾಪ್ ಈ ಕೆಲಸಗಳ ಹೆಸರನ್ನೇ ಉಳಿಸಿಕೊಂಡಿತು: ಡಾಡ್ಜ್, ಬರ್ನ್.

ಈ ಇತಿಹಾಸದಿಂದ ನಮಗೆ ಸಿಗುವ ಪಾಠ ಸರಳ. ಪೂರ್ತಿ ಬಿಳಿಯಾದ ಜಾಗದಲ್ಲಿ ವಿವರವೇ ಉಳಿದಿರುವುದಿಲ್ಲ, ಕಪ್ಪಾದ ಜಾಗದಲ್ಲಿ ಸ್ವಲ್ಪವಾದರೂ ಇರುತ್ತದೆ. ಆದ್ದರಿಂದ ಫೋಟೊ ತೆಗೆಯುವಾಗ ಪರದೆಯಲ್ಲಿ ಆಕಾಶದ ಮೇಲೆ ಬೆರಳಿಡಿ, ಬೆಳಕನ್ನು ತುಸು ಇಳಿಸಿ. ಆಮೇಲೆ ಸ್ನ್ಯಾಪ್‌ಸೀಡ್‌ನಂತಹ ಆಪ್‌ನಲ್ಲಿ ‘ಶ್ಯಾಡೋಸ್’ ಸ್ವಲ್ಪ ಏರಿಸಿ.

ಆದರೆ ಬೆಳಕು ತಿದ್ದುವುದು ಬೇರೆ, ವಸ್ತುವನ್ನೇ ಬದಲಿಸುವುದು ಬೇರೆ. 1982ರ ಫೆಬ್ರುವರಿಯಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಕಂಪ್ಯೂಟರ್‌ನಲ್ಲಿ ಈಜಿಪ್ತಿನ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. ಗ್ರೀನ್‌ಲಾ ಫೋಟೊದಲ್ಲಿ ಆಕಾಶ ಹೇಗೇ ಇರಲಿ, ಹಂಪಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಇಂದು ಆ ಗೋಪುರ ಇಲ್ಲ. ಅದು ಇತ್ತೆಂದು ಆ ಫೋಟೊದಲ್ಲಿ ನಾವು ಕಣ್ಣಾರೆ ನೋಡಬಹುದು.

2019ರ ನೆರೆಯಲ್ಲಿ ಈ ಭಾಗದವರು ಮುಳುಗಿದ ಬೆಳೆ, ಬಿದ್ದ ಗೋಡೆಯ ಫೋಟೊ ತೆಗೆದರು. ಅಂಥ ಫೋಟೊ ಬರೀ ನೆನಪಲ್ಲ, ಸಾಕ್ಷಿ. ತಿದ್ದುವುದಾದರೆ ಪ್ರತಿಯಲ್ಲಿ ತಿದ್ದಿ, ಮೂಲ ಫೋಟೊ ಹಾಗೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತದೆ. ಮೂಲವನ್ನೇ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ.