ಯಾರ ಹೆಸರನ್ನು ಬರೆದಿಟ್ಟುಕೊಳ್ಳಬೇಕು?

1946ರಲ್ಲಿ ನ್ಯೂಯಾರ್ಕಿನ ಮಕ್ಕಳ ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ ಒಂದು ಪ್ರಬಂಧ ಪ್ರಕಟಿಸಿದರು. ಆರು ಎಳೆಗೂಸುಗಳ ವಿಷಯ ಅದು. ಆರಕ್ಕೂ ತಲೆಬುರುಡೆಯೊಳಗೆ ರಕ್ತ ಕಟ್ಟಿತ್ತು. ಜೊತೆಗೆ ಕೈಕಾಲಿನ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳು. ಮಗು ಯಾವಾಗ ಬಿತ್ತು, ಹೇಗೆ ಬಿತ್ತು ಎಂದು ಕೇಳಿದರೆ ಮೂಳೆ ಮುರಿಯುವಂಥ ಯಾವ ಘಟನೆಯನ್ನೂ ಮನೆಯವರು ಹೇಳಲಿಲ್ಲ. ಕ್ಯಾಫಿಗೆ ಗುಮಾನಿ ಇತ್ತು, ಆದರೆ ಯಾರ ಕಡೆಗೂ ಬೆರಳು ತೋರಲಿಲ್ಲ. ಹೆತ್ತವರೇ ಹೀಗೆ ಮಾಡಿಯಾರು ಎಂದು ವೈದ್ಯ ಪತ್ರಿಕೆಯಲ್ಲಿ ಬರೆಯುವ ಕಾಲ ಇನ್ನೂ ಬಂದಿರಲಿಲ್ಲ.

ಅದು ಬರಲು ಹದಿನಾರು ವರ್ಷ ಹಿಡಿಯಿತು. ಡೆನ್ವರ್‌ನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ ಒಂದು ವರ್ಷದ ಲೆಕ್ಕ ತರಿಸಿದರು. ಮನೆಯಲ್ಲೇ ಹೊಡೆತ ತಿಂದ 302 ಮಕ್ಕಳು, ಅವರಲ್ಲಿ 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮೆದುಳಿಗೆ ಶಾಶ್ವತ ಪೆಟ್ಟಾಗಿತ್ತು. 1962ರ ಜುಲೈನಲ್ಲಿ ಪ್ರಕಟವಾದ ಆ ಬರಹ ಇದಕ್ಕೆ ‘ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್’ ಎಂದು ಹೆಸರಿಟ್ಟಿತು. ಮುಂದಿನ ಐದೇ ವರ್ಷಗಳಲ್ಲಿ, ಇಂಥ ಗಾಯ ಕಂಡರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಬಂತು.

ಅದರ ಬೆನ್ನಿಗೇ ಬಂದದ್ದು ಸರ್ಕಾರಿ ಪಟ್ಟಿ. ಕ್ಯಾಲಿಫೋರ್ನಿಯಾ 1965ರಲ್ಲೇ ಒಂದನ್ನು ತೆರೆಯಿತು. ಇಂಥ ಪಟ್ಟಿಗಳ ಹಿಂದಿನ ತರ್ಕ ಸರಳ. ಮಗುವಿನ ಕೈ ಮುರಿದಾಗ ಒಂದು ಆಸ್ಪತ್ರೆ, ಮುಂದಿನ ಸಲ ಪಕ್ಕೆಲುಬು ಮುರಿದಾಗ ಇನ್ನೊಂದು. ಪ್ರತಿ ವೈದ್ಯರಿಗೂ ಕಾಣುವುದು ಒಂದೇ ಗಾಯ, ಒಂದೇ ‘ಮೆಟ್ಟಿಲಿಂದ ಬಿತ್ತು’. ಎಲ್ಲ ವರದಿಗಳೂ ಒಂದು ಕಡೆ ಸೇರಿದರೆ ಮೂರನೆಯ ವೈದ್ಯರಾದರೂ ಎಚ್ಚೆತ್ತಾರು. ಈ ಮೊದಲ ಉದ್ದೇಶದಲ್ಲಿ ನನಗೆ ಎತ್ತಿ ತೋರಿಸುವಂಥ ತಪ್ಪೇನೂ ಕಾಣುವುದಿಲ್ಲ.

ಆಮೇಲೆ ಎರಡು ಸಂಗತಿ ನಡೆದವು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕೇಂದ್ರ ಕಾನೂನು, ರಾಜ್ಯಗಳಿಗೆ ಹಣ ಕೊಡುವಾಗ ಹೊಡೆತದ ಜೊತೆ ‘ನಿರ್ಲಕ್ಷ್ಯ’ವನ್ನೂ ಸೇರಿಸಿತು. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ನಿರ್ಲಕ್ಷ್ಯ ಕಾಣುವುದು ಮನೆಗೆ ಬಂದು ನೋಡುವ ಸಿಬ್ಬಂದಿಯ ಕಣ್ಣಿಗೆ. ಫ್ರಿಜ್ಜು ಖಾಲಿ, ಮನೆ ಗಲೀಜು, ರಾತ್ರಿ ಪಾಳಿಗೆ ಹೋದ ತಾಯಿ ತಂಗಿಯನ್ನು ಹತ್ತು ವರ್ಷದ ಅಣ್ಣನ ಸುಪರ್ದಿಗೆ ಬಿಟ್ಟಿದ್ದಾಳೆ. ಇದರಲ್ಲಿ ಬಡತನ ಎಷ್ಟು, ಅಪರಾಧ ಎಷ್ಟು? ಇವತ್ತಿಗೂ ಅಲ್ಲಿ ದೌರ್ಜನ್ಯಕ್ಕೊಳಗಾದರೆಂದು ಇಲಾಖೆ ದೃಢಪಡಿಸುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ನಿರ್ಲಕ್ಷ್ಯದ ಪ್ರಕರಣಗಳೇ.

ಎರಡನೆಯದು, ಪಟ್ಟಿಯನ್ನು ಓದುವವರು ಬದಲಾದರು. ಶಾಲೆ, ಶಿಶುವಿಹಾರಗಳು ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ, ಸರ್ಕಾರ ಮಗುವನ್ನು ಸಾಕಲು ಕೊಡುವ ಮುನ್ನ ಅದರಲ್ಲಿ ಹೆಸರು ಹುಡುಕತೊಡಗಿದವು. ಮಗುವಿನ ಗಾಯಗಳನ್ನು ನೆನಪಿಡಲು ತೆರೆದ ಪುಸ್ತಕ ದೊಡ್ಡವರ ನಡತೆಯ ಪುಸ್ತಕವಾಯಿತು. ಆದರೆ ಹೆಸರು ಸೇರಿಸುವ ಕ್ರಮ ಹಳೆಯದೇ. ನ್ಯಾಯಾಲಯದ ತೀರ್ಪು ಬೇಕಿಲ್ಲ, ಇಲಾಖೆಯ ನಿರ್ಧಾರ ಸಾಕು. ನ್ಯೂಯಾರ್ಕಿನಲ್ಲಿ ‘ಒಂದಿಷ್ಟು ನಂಬಬಹುದಾದ ಸಾಕ್ಷ್ಯ’ ಇದ್ದರೆ ಆಯಿತು.

ಅಲ್ಲಿ ಒಬ್ಬ ತಾಯಿ, ಕದ್ದಳೆಂದು ಮಗಳ ಕೆನ್ನೆಗೆ ಹೊಡೆದಿದ್ದಳು. ಹೆಸರು ಪಟ್ಟಿ ಸೇರಿತು. ಶಾಲೆಯಲ್ಲಿ ಕೆಲಸ ಮಾಡಲು ಬಯಸಿದಾಗ ಅದೇ ಅಡ್ಡ ಬಂತು. ಪಟ್ಟಿಯಲ್ಲಿರುವವರಿಗೆ ಕೆಲಸ ಕೊಡಬಾರದೆಂಬ ನಿಯಮವಿರಲಿಲ್ಲ, ಕೊಟ್ಟರೆ ಏಕೆ ಕೊಟ್ಟೆವೆಂದು ಲಿಖಿತ ಕಾರಣ ಇಡಬೇಕಿತ್ತು, ಅಷ್ಟೇ. ಆ ತೊಂದರೆ ಯಾರಿಗೆ ಬೇಕು! 1994ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವಳ ಪರ ನಿಂತಿತು. ಹೆಸರು ತೆಗೆಸಲು ಹೋರಾಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕೊನೆಗೆ ಗೆಲ್ಲುತ್ತಿದ್ದಾರೆ ಎಂಬುದನ್ನೂ ಗಮನಿಸಿತು. (ಇದು ಹೋರಾಡಿದವರ ಲೆಕ್ಕ. ಸುಮ್ಮನಿದ್ದವರೆಲ್ಲ ತಪ್ಪಿತಸ್ಥರೆಂದೂ ಇದರಿಂದ ಹೇಳಲಾಗದು, ನಿರಪರಾಧಿಗಳೆಂದೂ ಹೇಳಲಾಗದು.) ನ್ಯೂಯಾರ್ಕ್ ತನ್ನ ಸಾಕ್ಷ್ಯದ ಅಳತೆಗೋಲನ್ನು ಬಿಗಿ ಮಾಡಿದ್ದು 2022ರಲ್ಲಿ.

ಕ್ಯಾಲಿಫೋರ್ನಿಯಾದ ಒಂದು ದಂಪತಿಯ ಪಾಡು ಇನ್ನೂ ಕಷ್ಟದ್ದು. 2001ರಲ್ಲಿ, ಗಂಡನ ಮೊದಲ ಮದುವೆಯ ಮಗಳ ದೂರಿನ ಮೇಲೆ ಇಬ್ಬರೂ ಬಂಧನಕ್ಕೊಳಗಾದರು. ಕ್ರಿಮಿನಲ್ ನ್ಯಾಯಾಲಯ ಅವರು ನಿಜಕ್ಕೂ ನಿರಪರಾಧಿಗಳೆಂದು ಘೋಷಿಸಿತು. ಮಕ್ಕಳ ನ್ಯಾಯಾಲಯ ಆರೋಪ ನಿಜವಲ್ಲ ಎಂದಿತು. ಆದರೂ ಪಟ್ಟಿಯಲ್ಲಿ ಹೆಸರು ಉಳಿಯಿತು. ತೆಗೆಸಲು ಇದ್ದ ದಾರಿ ಒಂದೇ: ಹೆಸರು ಬರೆದ ಪೊಲೀಸ್ ಅಧಿಕಾರಿಯನ್ನೇ ಒಪ್ಪಿಸುವುದು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಸಂವಿಧಾನಬಾಹಿರವೆಂದಿತು. 2012ರಿಂದ ಅಲ್ಲಿನ ಪೊಲೀಸರು ಆ ಪಟ್ಟಿಗೆ ಹೆಸರು ಕಳಿಸುವಂತಿಲ್ಲ, ತನಿಖೆಯಲ್ಲಿ ದೃಢಪಟ್ಟ ಪ್ರಕರಣ ಮಾತ್ರ ಸೇರಬೇಕು. ಜೊತೆಗೊಂದು ರಿಯಾಯಿತಿ: ನೂರು ವರ್ಷ ತುಂಬಿದವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುತ್ತದೆ!

ಇಂಗ್ಲೆಂಡ್ ಹಿಡಿದ ದಾರಿ ಬೇರೆ. 1973ರಲ್ಲಿ ಬ್ರೈಟನ್‌ನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಮಲತಂದೆಯ ಹೊಡೆತಕ್ಕೆ ಸತ್ತಳು. ಶಾಲೆ, ನೆರೆಹೊರೆ, ಸಮಾಜಸೇವಾ ಇಲಾಖೆ, ಎಲ್ಲರಿಗೂ ಒಂದೊಂದು ತುಣುಕು ಗೊತ್ತಿತ್ತು, ತುಣುಕುಗಳು ಒಂದುಗೂಡಿರಲಿಲ್ಲ. ವಿಚಾರಣಾ ವರದಿಯ ನಂತರ ಊರೂರಲ್ಲಿ ರಿಜಿಸ್ಟರ್‌ಗಳು ಬಂದವು. ಅವುಗಳಲ್ಲಿ ಬರೆದದ್ದು ಅಪಾಯದಲ್ಲಿರುವ ಮಕ್ಕಳ ಹೆಸರನ್ನು. ಮಕ್ಕಳ ಜೊತೆ ಕೆಲಸ ಮಾಡಬಾರದವರ ಪಟ್ಟಿ ಅಲ್ಲೂ ಇದೆ, ಆದರೆ ಬೇರೆಯಾಗಿ. 2008ರ ಹೊತ್ತಿಗೆ ಮಕ್ಕಳ ರಿಜಿಸ್ಟರನ್ನೂ ಕೈಬಿಟ್ಟು, ಪ್ರತಿ ಮಗುವಿಗೂ ರಕ್ಷಣಾ ಯೋಜನೆ ಬರೆಯುವ ಪದ್ಧತಿಗೆ ಹೋದರು. ಒಂದೇ ಪುಸ್ತಕದಿಂದ ಎರಡು ಕೆಲಸ ಮಾಡಿಸಲು ಹೊರಟದ್ದೇ ಅಮೆರಿಕದ ತೊಡಕಿನ ಮೂಲ ಎಂದು ನನಗನ್ನಿಸುತ್ತದೆ. ಗುಮಾನಿಯ ಮೇಲೆ ಮಗುವನ್ನು ಕಾಯಬಹುದು, ಕಾಯಲೇಬೇಕು. ಗುಮಾನಿಯ ಮೇಲೆ ಯಾರದಾದರೂ ಅನ್ನ ಕಿತ್ತುಕೊಳ್ಳುವುದು ಬೇರೆ ಮಾತು.

ನಮ್ಮಲ್ಲಿ ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ತೆರೆಯಿತು. ಶುರುವಿನಲ್ಲೇ 4.4 ಲಕ್ಷ ನಮೂದುಗಳಿದ್ದವು. ಶಿಕ್ಷೆ ಸಾಬೀತಾದವರ ದಾಖಲೆ ಅದು. ಅತ್ಯಾಚಾರ, ಪೋಕ್ಸೊ ಮುಂತಾದ ಪ್ರಕರಣಗಳು ಸೇರುತ್ತವೆ, ನೋಡುವ ಅಧಿಕಾರ ಪೊಲೀಸರಂಥ ತನಿಖಾ ಸಂಸ್ಥೆಗಳಿಗಷ್ಟೇ. ಅಮೆರಿಕದ ತಾಯಿಗೆ ಆದಂಥ ಅನ್ಯಾಯಕ್ಕೆ ಇಲ್ಲಿ ಆಸ್ಪದ ಕಡಿಮೆ. ಆದರೆ ಈ ತಿಂಗಳು ದಾದರ್‌ನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡ ಮಗು ಮುಂದಿನ ತಿಂಗಳು ಠಾಣೆಯ ಆಸ್ಪತ್ರೆಗೆ ಬಂದರೆ, ಅಲ್ಲಿನ ವೈದ್ಯರಿಗೆ ಆ ದತ್ತಾಂಶ ಏನನ್ನೂ ಹೇಳುವುದಿಲ್ಲ.