ಠರಾವು ಮತ್ತು ಒಂದು ಬೊಗಸೆ ನೀರು

ಕೊಂಕಣದ ಮಹಾಡ್ ಪಟ್ಟಣದ ಚವದಾರ್ ಕೆರೆಯ ಚರಿತ್ರೆಯನ್ನು ನಾವು 1927ರ ಮಾರ್ಚ್ 20ರಿಂದ ಶುರು ಮಾಡುತ್ತೇವೆ. ಆದರೆ ಕಾಗದದ ಮೇಲೆ ಆ ಕೆರೆ ಅದಕ್ಕೂ ಮೊದಲೇ ಎಲ್ಲರದೂ ಆಗಿತ್ತು. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಲೆ ಅವರ ಠರಾವನ್ನು 1923ರಲ್ಲಿ ಮುಂಬಯಿ ಶಾಸನಸಭೆ ಒಪ್ಪಿತ್ತು. 1924ರಲ್ಲಿ ಮಹಾಡದ ಪುರಸಭೆಯೂ ಹಾಗೇ ಬರೆದುಕೊಂಡಿತು. ಬರೆದದ್ದಷ್ಟೇ. ಸವರ್ಣರ ಭಯದಿಂದ ದಲಿತರು ಕೆರೆಯ ಹತ್ತಿರ ಸುಳಿಯುವಂತಿರಲಿಲ್ಲ. ಠರಾವು ಮಾತ್ರ ಕಡತದಲ್ಲಿ ಸುಖವಾಗಿತ್ತು.

ಅಂಬೇಡ್ಕರರೂ ಅವರ ಜತೆಗಿದ್ದ ಜನರೂ ಬೊಗಸೆಯಲ್ಲಿ ನೀರು ಕುಡಿದರು. ಅವತ್ತೇ ದಲಿತರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಕೆರೆಗೆ ಗಂಜಲ, ಸಗಣಿ ಸುರಿದು 'ಶುದ್ಧಿ' ಮಾಡಿದರು. ಆಗಸ್ಟ್ 4ರಂದು ಪುರಸಭೆ ತನ್ನ ಠರಾವನ್ನು ತಾನೇ ರದ್ದು ಮಾಡಿತು. ಮುಂಬಯಿ ಹೈಕೋರ್ಟಿನ ತೀರ್ಪು ದಲಿತರ ಪರವಾಗಿ ಬರಲು 1937ರ ಮಾರ್ಚ್ ಆಗಬೇಕಾಯಿತು.

ಹಕ್ಕು ಕಡತದಲ್ಲಿ ಮಲಗಿರೋ ತನಕ ಎಲ್ಲರೂ ಉದಾರಿಗಳೇ. ಅದನ್ನು ಬಳಸೋಕೆ ಹೋದಾಗಲೇ ಜಾತಿ ಎದ್ದು ಕೂರುತ್ತೆ. ಆದ್ದರಿಂದ ದಲಿತ ವಿಮರ್ಶೆ ಕಾವ್ಯ ಪುರಾಣಗಳ ಜತೆಗೆ ಪುರಸಭೆಯ ನಡಾವಳಿ ಪುಸ್ತಕವನ್ನೂ ಬಿಚ್ಚಬೇಕು. ಏನು ಬರೆದರು ಅನ್ನೋದಕ್ಕಿಂತ ಯಾವಾಗ ಹೊಡೆದು ಹಾಕಿದರು ಅನ್ನೋದನ್ನು ಓದಬೇಕು.