ಹೂವಿನ ಕ್ಲೋಸ್‌ಅಪ್ ಛಾಯಾಗ್ರಹಣ: ಬೆಳಕು ಮತ್ತು ಎಕ್ಸ್‌ಪೋಷರ್

ಹೂವಿನ ರಚನೆ, ಬಣ್ಣ, ಮೇಲ್ಮೈಗಳನ್ನು ತೀರ ಹತ್ತಿರದಿಂದ ಹಿಡಿಯುವ ಛಾಯಾಗ್ರಹಣ. ಬೀದರ್ ಜಿಲ್ಲೆಯ ಡಾಬಕಾ, ಔರಾದ್, ಭಾಲ್ಕಿ ಸೀಮೆಯಲ್ಲಿ ಇದಕ್ಕೆ ಒದಗುವ ಅತ್ಯುತ್ತಮ ವಸ್ತು ಮುತ್ತುಗ. ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆ ಉದುರಿದ ಕೊಂಬೆಗಳ ತುಂಬ ಅರಳುವ ಇದರ ಕೇಸರಿಗೆಂಪು ದಳಗಳ ಮೇಲೆ ರೇಷ್ಮೆಯಂಥ ಸಣ್ಣ ರೋಮಗಳಿವೆ. ಪುಷ್ಪಪಾತ್ರೆ ದಟ್ಟ ಕಂದು. ನಡುಹಗಲ ನೆತ್ತಿಬಿಸಿಲಿನಲ್ಲಿ ಈ ರೋಮಗಳು ಕಣ್ಣಿಗೆ ಬೀಳುವುದು ಕಷ್ಟ. ಬೆಳಗಿನ ಓರೆಬಿಸಿಲು ಅಥವಾ ಹಿಂಬೆಳಕು ಬಿದ್ದರೆ ದಳದ ಅಂಚೆಲ್ಲ ಹೊಳೆಯುತ್ತದೆ. ಬಿಸಿಲೇರಿದ ಮೇಲೆ ತೆಳು ಬಿಳಿಬಟ್ಟೆಯ ಮರೆ ಹಿಡಿಯಬೇಕು.

ಎಕ್ಸ್‌ಪೋಷರ್‌ನಲ್ಲಿ ದೊಡ್ಡ ತೊಡಕು ಕೆಂಪು ಬಣ್ಣದ್ದು. ಕ್ಯಾಮೆರಾದ ಮಾಪಕ ಸರಾಸರಿ ಬೆಳಕನ್ನು ಅಳೆಯುವುದರಿಂದ ಕೆಂಪು ಚಾನೆಲ್ ಮೊದಲೇ ತುಂಬಿ, ದಳದ ಗೆರೆಗಳು ಅಳಿಸಿಹೋಗುತ್ತವೆ; ಕೆಂಪು ಹಿಸ್ಟೋಗ್ರಾಂ ನೋಡಿ ಅರ್ಧದಿಂದ ಒಂದು ಸ್ಟಾಪ್ ಇಳಿಸುವುದು ಲೇಸು. ಚೌಕಟ್ಟು ತುಂಬಿದ ಬಿಳಿ ನಂದಿಬಟ್ಟಲಿಗೆ ಇದರ ವಿರುದ್ಧ, ಏರಿಸಬೇಕು. 1:1 ಗಾತ್ರದಲ್ಲಿ ಸಂವೇದಕಕ್ಕೆ ತಲುಪುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎಫ್/16 ದಾಟಿದರೆ ವಿವರ್ತನೆಯಿಂದ ಚಿತ್ರದ ಹರಿತ ಕುಗ್ಗುತ್ತದೆ. ಬಯಲುಗಾಳಿಗೆ ಅಲುಗುವ ಕುಸುಬೆ ಹೂವಿಗೆ 1/250 ಸೆಕೆಂಡಿಗಿಂತ ವೇಗದ ಷಟರ್ ಬೇಕು. ಅದಕ್ಕಾಗಿ ಐಎಸ್‌ಒ ಹೆಚ್ಚಿಸಿದರೂ ತಪ್ಪಿಲ್ಲ.